ಎಮ್ಮೆಗೆ ಇಬ್ಬರು ವಾರಸುದಾರರು

ನಂಬದಿದ್ದರೆ ಬಿಡಿ, ನಮ್ಮ ಪಂಚಾಯ್ತಿ ಅಧ್ಯಕ್ಷರಿಗೆ ಸೀರೆ ಉಡಿಸಿದವನು ನಾನೇ.

ದಾರಿ ತಪ್ಪಿದ ಎಮ್ಮೆಯೊಂದು ನಮ್ಮ ಹಿತ್ತಲಿಗೆ ಬಂತು. ಠಾಣೆಗೆ ತಿಳಿಸಿದೆ. "ವಾರಸುದಾರ ಸಿಗೋವರೆಗೂ ಮೇವು ಹಾಕಿ ನೋಡ್ಕೋ. ಬೇರೆಯವರಿಗೆ ಕೊಟ್ಟರೆ ನೀನೇ ಹೊಣೆ," ಅಂದರು ದಫೇದಾರರು.

ಮೂರನೇ ದಿನ ಅಧ್ಯಕ್ಷ ಪುಟ್ಟಮಾದಪ್ಪನವರು ಗರಿಗರಿ ಪಂಚೆಯಲ್ಲಿ ಬಂದು, "ಎಮ್ಮೆ ನಮ್ದು, ಬಿಚ್ಚೋ," ಅಂದರು. ಹಿಂದೆಯೇ ಪಕ್ಕದೂರಿನ ಮುದುಕಿ ಕೆಂಪಾಜಮ್ಮ ಅಳುತ್ತಾ ಬಂದಳು. ಅವಳಿಗಿದ್ದದ್ದು ಅದೊಂದೇ ಎಮ್ಮೆಯಂತೆ.

"ನಿಮ್ದಾದ್ರೆ ಹಾಲು ಕರೀರಿ ಸ್ವಾಮಿ," ಅಂದೆ ಅಧ್ಯಕ್ಷರಿಗೆ.

"ನಮ್ಮನೇಲಿ ಹೆಂಡ್ತಿ ಕರೆಯೋದು. ನನ್ನ ಕೈಗೆ ಅದು ಹಾಲು ಬಿಡಲ್ಲ."

"ಅಷ್ಟೇನಾ? ನಮ್ಮವ್ವ ತವರಿಗೆ ಹೋದ್ರೆ ನಾನು ಅವಳ ಸೀರೆ ಸುತ್ಕೊಂಡೇ ಕರೆಯೋದು. ವಾಸನೆ ಸಿಕ್ಕರೆ ಎಮ್ಮೆ ಸುಮ್ಮನಿರುತ್ತೆ. ಅಮ್ಮಾವ್ರ ಸೀರೆ ತರಿಸಿ."

ಊರೆಲ್ಲ ನಿಂತು ನೋಡುತ್ತಿತ್ತು. ಹಿಂದೆ ಸರಿದರೆ ಮಾತು ಸುಳ್ಳಾಗುತ್ತೆ. ಅಧ್ಯಕ್ಷರು ಉಟ್ಟೇಬಿಟ್ಟರು, ಸೆರಗು ಹೊದ್ದು ಕೂತರು. ಎಮ್ಮೆ ಒಂದೇ ಒದೆತಕ್ಕೆ ಅವರನ್ನು ಸಗಣಿಗೆ ಉರುಳಿಸಿತು. ಕೆಂಪಾಜಮ್ಮ ಬಂದು ಅದರ ಬೆನ್ನು ಸವರಿ ಕೂತಳು. ಹಾಲು ಸೊರ್ರನೆ ಇಳಿಯಿತು.

ಬಿದ್ದಲ್ಲೇ ಅಧ್ಯಕ್ಷರು ನಕ್ಕುಬಿಟ್ಟರು. "ಎಮ್ಮೆ ಮುದುಕೀದೇ ಕಣೋ. ಮೊದಲು ಈ ನೆರಿಗೆಯಿಂದ ನನ್ನ ಬಿಡಿಸು."

ಕೆಂಪಾಜಮ್ಮ ನನಗೆ ಕೊಟ್ಟದ್ದು ಆ ಹೊತ್ತಿನ ಒಂದು ಚೊಂಬು ಹಾಲು.