ಸೂಲಗಿತ್ತಿಯ ಮೊರ

ಈ ಕತೆಯನ್ನು ನಮಗೆ ಮೊದಲು ಹೇಳಿದವರು ಹುಣಸೆಕಟ್ಟೆಯ ಮಠದಲ್ಲಿದ್ದ ಶಿವಬಸಯ್ಯನವರು. ಶಿಷ್ಯನೊಬ್ಬನ ಪ್ರಶ್ನೆಗೆ ಉತ್ತರವಾಗಿ ಅವರು ಇದನ್ನು ಹೇಳಿದರು.

ಶಿಷ್ಯ ಕೇಳಿದ್ದು ಇಷ್ಟು: “ಅಯ್ಯನವರೇ, ಊರಲ್ಲಿ ಹೆರಿಗೆ ಕೋಣೆ ನಡೆಸಬೇಕೆಂದು ಪಂಚಾಯಿತಿಯವರು ಮನೆಮನೆಗೂ ತೆರಿಗೆ ಹಾಕಿದ್ದಾರೆ. ನಮ್ಮ ಮನೆಯಲ್ಲಿ ಇನ್ನು ಹೆರುವವರಿಲ್ಲ. ಆದರೂ ನಾನು ಕೊಡಬೇಕೆ?”

ಅಯ್ಯನವರು ಹೇಳಿದರು.

ಒಂದೂರಿನಲ್ಲಿ ಒಬ್ಬ ಸೂಲಗಿತ್ತಿ ಇದ್ದಳು. ಅವಳನ್ನು ಸಾಕುತ್ತಿದ್ದುದು ಊರು. ಸುಗ್ಗಿಯಲ್ಲಿ ಕಣದ ರಾಶಿಯನ್ನು ಅಳೆಯುವ ಮೊದಲೇ ಪ್ರತಿ ಮನೆಯವರೂ ಅವಳ ಪಾಲೆಂದು ಒಂದು ಮೊರ ಕಾಳು ತೆಗೆದಿಡಬೇಕು. ಅಳೆದ ಮೇಲೆ ಕೈ ಬಿಗಿಯಾಗುತ್ತದೆಂದು ಹಿರಿಯರು ಹಾಗೆ ಕಟ್ಟು ಮಾಡಿದ್ದರು. ಹುಟ್ಟಿದ ಕೂಸನ್ನು ಮೊದಲು ಮಲಗಿಸುವುದೂ ಮೊರದಲ್ಲೇ ಆದ್ದರಿಂದ, ಅಳತೆಗೆ ಕೊಳಗ ಬೇಡ, ಮೊರವೇ ಇರಲಿ ಎಂದಿದ್ದರು.

ಆ ಊರಲ್ಲಿ ಒಬ್ಬ ರೈತನಿದ್ದ. ಅನ್ನಕ್ಕೆ ಕೊರತೆಯಿಲ್ಲ, ಮಕ್ಕಳಿಲ್ಲ. ಪ್ರತಿ ಸುಗ್ಗಿಯಲ್ಲೂ ಸೂಲಗಿತ್ತಿಯ ಪಾಲನ್ನು ಸುರಿಯುವಾಗ ಅವನಿಗೆ ಹೆಂಡತಿಯ ಮುಖ ನೋಡಲಾಗುತ್ತಿರಲಿಲ್ಲ. ಒಂದು ವರ್ಷ ಅವನು ತಡೆಯಲಾರದೆ ಪಂಚರ ಮುಂದೆ ನಿಂತ.

“ತೊಟ್ಟಿಲು ಕಟ್ಟಿದವರು ಸೂಲಗಿತ್ತಿಯನ್ನು ಸಾಕಲಿ. ನನ್ನ ಮನೆಯ ಮೊರ ಕಾಳನ್ನಲ್ಲದೆ ಬೇರೇನನ್ನೂ ಹೊತ್ತಿಲ್ಲ.”

ನೊಂದವನ ಮಾತು ನ್ಯಾಯದ ಮಾತಿನ ಹಾಗೇ ಕೇಳಿಸುತ್ತದೆ. ಪಂಚರು ಅವನ ಪಾಲನ್ನು ಮಾಫಿ ಮಾಡಿದರು.

ಮರುವರ್ಷ, ಮಕ್ಕಳು ಬೆಳೆದು ನಿಂತ ಮನೆಯವರು ತಮಗೂ ಅದೇ ನ್ಯಾಯ ಕೇಳಿದರು. ಅದರ ಮರುವರ್ಷ, ಮಗನಿಗೆ ಮದುವೆಯಾದಾಗ ಕೊಡುತ್ತೇವೆ ಎಂದವರು ಬಂದರು. ಕೊನೆಗೆ ಉಳಿದದ್ದು ಬಸುರಿಯರಿದ್ದ ಮನೆಗಳು ಮಾತ್ರ. ಆ ಕಾಳಿನಲ್ಲಿ ಒಂದು ಜೀವ ವರ್ಷವಿಡೀ ಉಣ್ಣುವ ಹಾಗಿರಲಿಲ್ಲ. ಸೂಲಗಿತ್ತಿ ಯಾರೊಂದಿಗೂ ಜಗಳವಾಡಲಿಲ್ಲ. ಗಂಟು ಕಟ್ಟಿಕೊಂಡು ಸಂತೆಯೂರಿನ ತಂಗಿಯ ಮನೆಗೆ ಹೊರಟುಹೋದಳು. ಬೇಕಾದಾಗ ಕರೆಸಿಕೊಂಡರಾಯಿತು ಎಂದು ಊರು ಸುಮ್ಮನಾಯಿತು. ಬಾಯಾರಿದಾಗ ಬಾವಿ ತೋಡುವವರ ಬುದ್ಧಿ ಅದು.

ಒಂದು ದಿನ ನಡುಹಗಲಲ್ಲಿ ಕುಂಬಾರನೊಬ್ಬ ರೈತನ ಬಾಗಿಲಿಗೆ ಓಡಿಬಂದ. ಅವನ ಹೆಂಡತಿಗೆ ಬೆಳಗಿನಿಂದ ನೋವು. ಕೂಸು ಅಡ್ಡ ನಿಂತಿದೆ, ನೆರೆಯ ಹೆಂಗಸರು ಕೈಚೆಲ್ಲಿದ್ದಾರೆ. ಊರಲ್ಲಿ ಓಟದ ಎತ್ತು ಇದ್ದದ್ದು ಈ ರೈತನ ಹಟ್ಟಿಯಲ್ಲಿ ಮಾತ್ರ.

ರೈತ ಒಂದು ಗಳಿಗೆ ತಡೆದ. ಒಳಗಿನಿಂದ ಹೆಂಡತಿ ಬಂದು ನೊಗದ ಹಗ್ಗವನ್ನು ಅವನ ಕೈಗಿಟ್ಟಳು.

“ಮಕ್ಕಳಿಲ್ಲದ ಮನೆ ಅಂತ ಪಂಚರ ಮುಂದೆ ಹೇಳಿ ಬಂದಿರಿ. ಎತ್ತಿಲ್ಲದ ಮನೆ ಅಂತ ಇವನ ಮುಂದೆ ಹೇಳಬೇಡಿ. ಗಾಡಿ ಕಟ್ಟಿ.”

ಅವನು ಗಾಡಿ ಕಟ್ಟಿದ. ಸಂತೆಯೂರಿನಲ್ಲಿ ಸೂಲಗಿತ್ತಿ ಕುಟ್ಟುತ್ತಿದ್ದ ಒನಕೆಯನ್ನು ಗೋಡೆಗಾನಿಸಿ ಗಾಡಿ ಹತ್ತಿದಳು. ದಾರಿಯಲ್ಲಿ ಅವನು ತಪ್ಪೊಪ್ಪಿಗೆಗೆ ಬಾಯಿ ತೆರೆದ. ಅವಳು, ಮಾತು ಆಮೇಲೆ ಆಡುವೆಯಂತೆ, ಮೊದಲು ಎತ್ತು ಹೊಡಿ ಮಗ ಎಂದಳು.

ಕುಂಬಾರನ ಮನೆಯ ಬಾಗಿಲು ಮುಚ್ಚಿತು. ಹೊರಗೆ ಗಂಡಸರು ತಲೆ ತಗ್ಗಿಸಿ ನಿಂತರು. ಎಲ್ಲರಿಗಿಂತ ತಗ್ಗಿದ ತಲೆ ರೈತನದು. ಬಹಳ ಹೊತ್ತಾಯಿತು. ಆಮೇಲೆ ಬೀದಿಗೆಲ್ಲ ಕೇಳುವಂತೆ ಕೂಸು ಅತ್ತಿತು. ಹಿಂದೆಯೇ ತಾಯಿಯ ದನಿಯೂ ಕೇಳಿತು.

ಮೊರ ತನ್ನಿ ಎಂದು ಸೂಲಗಿತ್ತಿ ಒಳಗಿನಿಂದ ಕೂಗಿದಳು. ಕುಂಬಾರನ ಮನೆಯ ಮೊರ ಹರಿದಿತ್ತು. ರೈತ ಯಾರನ್ನೂ ಕೇಳದೆ ಮನೆಗೆ ಓಡಿ ತನ್ನ ಮೊರ ತಂದ. ಹಿಂದೆಯೇ ಬಂದ ಅವನ ಹೆಂಡತಿ ಅದರಲ್ಲಿ ಕಾಳು ಹರಡಿ, ಮೇಲೆ ತನ್ನ ಹಳೆಯ ಸೀರೆ ಹಾಸಿದಳು. ಸೂಲಗಿತ್ತಿ ಕೂಸನ್ನು ಮಲಗಿಸಿ, ಮೊರವನ್ನು ಬಾಗಿಲಿಗೆ ತಂದು ರೈತನ ಕೈಗೇ ಕೊಟ್ಟಳು.

“ಹಿಡಿ ಮಗ. ಕಾಳಿಗಿಂತ ಭಾರವೋ ಹಗುರವೋ, ನೀನೇ ಹೇಳು.”

ಅವನು ಮೊರವನ್ನು ಎದೆಗಾನಿಸಿ ಹಿಡಿದ.

ಆ ಸುಗ್ಗಿಯಲ್ಲಿ ರೈತ ಪಂಚರ ಅಪ್ಪಣೆಗೆ ಕಾಯಲಿಲ್ಲ. ರಾಶಿಗೆ ಕೊಳಗ ತಾಗುವ ಮೊದಲೇ ಅದೇ ಮೊರವನ್ನು ಗೋಪುರದ ಹಾಗೆ ತುಂಬಿ, ತಲೆಯ ಮೇಲೆ ಹೊತ್ತು, ನಡುಬೀದಿಯಲ್ಲಿ ನಡೆದ. ಯಾರೋ ತಮಟೆ ತಂದರು. ಮಕ್ಕಳು ದೊಡ್ಡವರಾದ ಮನೆಯವರು, ಮಕ್ಕಳು ಇನ್ನೂ ಹುಟ್ಟದ ಮನೆಯವರು, ಒಬ್ಬೊಬ್ಬರಾಗಿ ಮೊರ ಹೊತ್ತು ಅವನ ಹಿಂದೆ ಬಂದರು. ಹೊಲವಿಲ್ಲದ ಮುದುಕಿಯೊಬ್ಬಳು ಆಯ್ದ ತೆನೆ ಉದುರಿಸಿ ಒಂದು ಹಿಡಿ ತಂದಳು. ಕುಂಬಾರ ಅದನ್ನೆಲ್ಲ ತುಂಬಿಡಲು ಆಳೆತ್ತರದ ಮಣ್ಣಿನ ವಾಡೆ ಮಾಡಿಕೊಟ್ಟ. ಸೂಲಗಿತ್ತಿಯ ಗುಡಿಸಲಲ್ಲಿ ಮತ್ತೆ ಒಲೆ ಉರಿಯಿತು. ಅವಳ ಕಾಲಕ್ಕೂ ಅವಳಿಂದ ಕೆಲಸ ಕಲಿತವಳ ಕಾಲಕ್ಕೂ ಆ ಊರಲ್ಲಿ ಹಿಡಿಯುವ ಕೈಯಿಲ್ಲದೆ ಒಂದು ಕೂಸೂ ಹೋಗಲಿಲ್ಲ.

ಕತೆ ಮುಗಿಸಿ ಅಯ್ಯನವರು ವಿಭೂತಿಯ ಗಟ್ಟಿಯನ್ನು ಕೈಗೆತ್ತಿಕೊಂಡರು. ಶಿಷ್ಯ, ಆ ರೈತನಿಗೆ ಮುಂದೆ ಮಕ್ಕಳಾದವೇ ಎಂದು ಕೇಳಿದ. ಇಲ್ಲವೆಂದು ಅವರು ತಲೆಯಾಡಿಸಿದರು. ಹಾಗಾದರೆ ಅವನಿಗೆ ಬಂದದ್ದೇನು ಎಂದ ಶಿಷ್ಯ.

ಅಯ್ಯನವರು ಹೇಳಿದರು: “ನೀನು ಹುಟ್ಟಿದ ವರ್ಷ ಸೂಲಗಿತ್ತಿಯ ಮೊರಕ್ಕೆ ಕಾಳು ಸುರಿದವರಿಗೆ ನಿನ್ನಿಂದ ಬಂದದ್ದೇನು, ಮಗು?”



ಕೇಳಿದವರೇ, ಇದನ್ನು ನಿಮ್ಮಲ್ಲೇ ಇಟ್ಟುಕೊಳ್ಳಬೇಡಿ. ಕೂಸು ಹುಟ್ಟಿದ ಮನೆಗೆ ಹೋದಾಗ, ಮೊರದ ಪಕ್ಕದಲ್ಲಿ ಕುಳಿತು ಒಮ್ಮೆ ಹೇಳಿ ಬನ್ನಿ.