ನಿಂಬೆಹಣ್ಣು ಇಡದೆ ಮುಂದಕ್ಕೆ ಹೋಗದ ಪಿಕಪ್

ಗುಡ್ಡದ ಮೇಲಿನ ಗವಿಸಿದ್ದಯ್ಯನ ಪಾದ ನೆನೆದು ಹೇಳ್ತೀನಿ, ಕೇಳ್ರಪ್ಪ. ಅದೇ ಗುಡ್ಡದ ಬುಡದಲ್ಲಿ ಪಾಲಮ್ಮ ಇದ್ದಳು. ಅವಳಿಗೊಬ್ಬನೇ ಮಗ, ತಿಪ್ಪೇಶ. ಗಾಡಿ ಚೆನ್ನಾಗಿ ಓಡಿಸುತ್ತಿದ್ದ. ಹೇಳಿದ್ದನ್ನು ಮಾತ್ರ ಹೇಳಿದ ಹಾಗೇ ಮಾಡುತ್ತಿದ್ದ.

ಪಾಲಮ್ಮನ ಕಣ್ಣಿಗೆ ಪೊರೆ ಬರುತ್ತಿತ್ತು. ಪೂರ್ತಿ ಮಂಜಾಗುವ ಮೊದಲು ಸಿದ್ದಯ್ಯನ ದೀಪ ಒಮ್ಮೆ ನೋಡಬೇಕು, ಅದೊಂದೇ ಆಸೆ. ಹತ್ತೋಣವೆಂದರೆ ಮಂಡಿನೋವು. ಗಂಡ ಇದ್ದಾಗ ಹಳೇ ಪಿಕಪ್‌ನಲ್ಲಿ ಕರೆದೊಯ್ಯುತ್ತಿದ್ದ. ಈಗ ಅದರ ಪೆಟ್ರೋಲ್ ಎಂಜಿನ್ ಜಾಮ್ ಆಗಿ, ಬಾನೆಟ್ಟಿನೊಳಗೆ ಗುಬ್ಬಿ ಗೂಡು ಕಟ್ಟಿತ್ತು.

"ಡೀಸೆಲ್ ಎಂಜಿನ್ ಕೂರಿಸೋಣ ಪಾಲಮ್ಮ, ಗುಡ್ಡ ಎಳೆಯುತ್ತೆ" ಅಂದರು ಗ್ಯಾರೇಜಿನ ಮೇಸ್ತ್ರಿ ದಾದಾಪೀರ್. ಗುಬ್ಬಿ ಮರಿಗಳು ಹಾರುವ ತನಕ ಕಾದು, ಆಮೇಲೆ ಸ್ಪ್ಯಾನರ್ ಹಿಡಿದರು. ಒಳ್ಳೇ ಜೀವ.

ಬಿಚ್ಚಿದ ಬೋಲ್ಟುಗಳನ್ನು ತಿಪ್ಪೇಶ ಗ್ಯಾರೇಜಿನಿಂದ ಅಂಗೈಯಲ್ಲಿ ಹಿಡಿದು ಹೊರಟ. ದಾರಿಯಲ್ಲಿ ಉದುರಿ, ಮನೆಗೆ ಬರುವಷ್ಟರಲ್ಲಿ ಎರಡೇ ಉಳಿದಿದ್ದವು.

"ಅಯ್ಯೋ ಪೆದ್ದೇ! ಬಟ್ಟೇಲಿ ಗಂಟು ಕಟ್ಟಿ ತರಬಾರದಾ?"

"ಆಯ್ತವ್ವ, ಇನ್ನು ಹಾಗೇ ಮಾಡ್ತೀನಿ."

ಮರುದಿನ ಡೀಸೆಲ್ ತರಲು ಕಳಿಸಿದರು. ಟವೆಲ್ಲಿನಲ್ಲಿ ಗಂಟು ಕಟ್ಟಿ ತಂದ! ಟವೆಲ್ ಬಂತು, ಡೀಸೆಲ್ ಬರಲಿಲ್ಲ.

"ಅಯ್ಯೋ ಮಂಕೇ! ಡಬ್ಬಿಗೆ ಹಾಕಿ ಮುಚ್ಚಳ ಬಿಗೀಬೇಕು ಕಣೋ!"

"ಆಯ್ತವ್ವ, ಇನ್ನು ಹಾಗೇ ಮಾಡ್ತೀನಿ."

ಎಂಜಿನ್ ಕೂತಿತು. ಗಾಡಿ ಪೂಜೆಗೆ ಊರ ಮಠದಿಂದ ದೀಪ ತಾರೋ ಅಂದಳು ಪಾಲಮ್ಮ. ಉರಿಯುವ ದೀಪವನ್ನು ಡಬ್ಬಿಗಿಟ್ಟು ಮುಚ್ಚಳ ಬಿಗಿದು ತಂದ!

"ಶಿವಶಿವಾ! ದೇವರ ದೀಪಾನೇ ಆರಿಸಿದೆಯಲ್ಲೋ! ದೀಪ ಕಂಡ್ರೆ ಹಿಡಿದದ್ದನ್ನೆಲ್ಲ ಬಿಟ್ಟು ಎರಡೂ ಕೈ ಮುಗೀಬೇಕು!"

"ಆಯ್ತವ್ವ."

"ಇನ್ನೊಂದು. ಚಕ್ರಕ್ಕೆ ನಿಂಬೆಹಣ್ಣು ಇಡದೆ ಗಾಡಿ ಮುಂದಕ್ಕೆ ಬಿಡಬೇಡ."

ತಿಪ್ಪೇಶ ಹಿತ್ತಲ ಗಿಡವನ್ನೆಲ್ಲ ಬರಿದು ಮಾಡಿ ಒಂದು ಬುಟ್ಟಿ ಹಣ್ಣು ತುಂಬಿಕೊಂಡ. ಅವ್ವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಗುಡ್ಡಕ್ಕೆ ಹೊರಟ. ಇಟ್ಟ, ಹತ್ತಿಸಿದ, ಮಾರುದೂರ ಹೋದ, ನಿಲ್ಲಿಸಿದ. ಇಳಿದ, ಇನ್ನೊಂದು ಇಟ್ಟ, ಹತ್ತಿಸಿದ, ನಿಲ್ಲಿಸಿದ.

"ಏನೋ ಇದು!"

"ನೀನೇ ಹೇಳಿದ್ದಲ್ಲವ್ವ!"

ದಾರಿಯೆಲ್ಲ ನಿಂಬೆಯ ಘಮ. ಅರ್ಧ ಗುಡ್ಡಕ್ಕೆ ಬುಟ್ಟಿ ಬರಿದಾಯಿತು. ಕೊನೇ ಹಣ್ಣು ತಿರುವಿನ ಸಮತಟ್ಟಿನಲ್ಲಿ ಗಾಡಿ ತಿರುಗಿಸುವುದಕ್ಕೇ ಆಯಿತು.

"ತಿರುಗಿಸಿದ್ದೇಕೋ?"

"ಹಣ್ಣಿಲ್ಲದೆ ಮುಂದಕ್ಕೆ ಹೋಗಬಾರದಲ್ಲವ್ವ. ಹಿಂದಕ್ಕೇ ಹೋಗ್ತೀನಿ."

ಹೊಸ ಎಂಜಿನ್ ಗುಡುಗುಡು ಅನ್ನುತ್ತ ಹಿಂದುಹಿಂದಕ್ಕೇ ಗುಡ್ಡ ಹತ್ತಿತು. ಕೆಳಗೆ ಊರು, ಕೆರೆ, ಬಯಲು ಎಲ್ಲ ಸಂಜೆಯ ಬಂಗಾರದಲ್ಲಿ ತೇಲುತ್ತ ಸಣ್ಣಗಾದವು. ಗಂಡನ ಪಕ್ಕ ಕೂತ ಹಾಗೇ ಅನಿಸಿತು ಪಾಲಮ್ಮನಿಗೆ. ಬೈಯುವುದನ್ನು ಮರೆತಳು.

ಗುಡಿಯ ಮುಂದೆ ಬ್ರೇಕ್ ಒತ್ತಿ ಗೇರ್ ತೆಗೆದ. ಗುಡಿ ಬೆನ್ನ ಹಿಂದೆ. ಆದರೆ ಸಿದ್ದಯ್ಯನಿಗೆ ಹಿಂದೇನು, ಮುಂದೇನು? ಗಾಡಿಯ ಕನ್ನಡಿಯೊಳಗೆ ಬಂದು ಕೂತಿದ್ದ, ಪುಟ್ಟ ಕೆಂಪು ದೀಪವಾಗಿ.

"ಕಂಡೆ! ಕಂಡೆನಪ್ಪಾ!" ಪಾಲಮ್ಮನ ಕಣ್ಣು ತುಂಬಿತು.

ತಿಪ್ಪೇಶನೂ ಕಂಡ. ಕಂಡವನೇ ಸ್ಟೀರಿಂಗ್ ಬಿಟ್ಟ, ಬ್ರೇಕ್ ಬಿಟ್ಟ, ಎರಡೂ ಕೈ ಮುಗಿದ!

ಗಾಡಿ ಮೆಲ್ಲಗೆ ಇಳಿಜಾರಿಗೆ ಹೊರಟಿತು.

"ಅವ್ವಾ! ಮುಂದಕ್ಕೆ ಹೋಗ್ತಾ ಇದೆ! ನಿಂಬೆಹಣ್ಣೇ ಇಲ್ಲ!"

ಪಾಲಮ್ಮನಿಗೆಲ್ಲಿ ಕೇಳಿಸಬೇಕು? ಕನ್ನಡಿಯಲ್ಲಿ ಸಣ್ಣಗಾಗುವ ದೀಪಕ್ಕೆ ಮುಗಿದ ಕೈ ಮುಗಿದಂತೆಯೇ ಇತ್ತು. ಆ ಸ್ವಾಮಿಯೇ ಹಿಡಿದ ಹಾಗೆ ಗಾಡಿ ತಾನಾಗಿ ಇಳಿದು, ಅದೇ ತಿರುವಿನ ಸಮತಟ್ಟಿನಲ್ಲಿ ನಿಂತಿತು.

ತಿಪ್ಪೇಶ ಧುಮುಕಿದ. ಅಲ್ಲೇ ಬಿದ್ದಿತ್ತು, ಅಪ್ಪಚ್ಚಿಯಾದ ಕೊನೇ ಹಣ್ಣು. ಧೂಳು ಒರೆಸಿ ಚಕ್ರದ ಕೆಳಗಿಟ್ಟ.

"ಸದ್ಯ, ಸಿಕ್ತು ಕಣವ್ವ! ಈಗ ಹೇಳು, ಹೊರಡಲಾ?"