ದ್ಯಾವೀರಮ್ಮನ ದಿಬ್ಬದ ಕಲ್ಲು

೧೯೬೨, ಫೆಬ್ರುವರಿ ೧೯, ಸೋಮವಾರ ಎಂದು ನನ್ನ ಹಳೆಯ ದಿನಚರಿಯಲ್ಲಿದೆ. ನಾನು ಬಿ.ಎ. ಮುಗಿಸಿ ಈ ಮನೆಗೆ ಸೊಸೆಯಾಗಿ ಬಂದ ವರ್ಷ. ಅತ್ತೆ ಹೇಳಿದ್ದನ್ನು ಅಂದೇ ಬರೆದಿಟ್ಟೆ. ಕೇಳಿ ಮಕ್ಕಳೇ.

ಎಂದೋ ಒಂದು ಕಾಲ, ಹೊಳೆಯ ದಂಡೆಯ ಮೇಲೆ ಒಂದು ಊರು. ಊರಿದ್ದ ದಿಬ್ಬದ ಕೆಳಗೆ, ನೀರಿನ ಅಂಚಿಗೆ ಒಂದು ಹೊಳೆಮತ್ತಿ ಮರ. ಮರದ ಬುಡದಲ್ಲಿ ಒಂದೇ ಒಂದು ಗುಡಿಸಲು. ಅದರಲ್ಲಿ ದ್ಯಾವೀರಮ್ಮ ಒಬ್ಬಳೇ ಇದ್ದಳಂತೆ. ಎದೆನೋವೆಂದು ಬಂದವರಿಗೆ ಮತ್ತಿಯ ತೊಗಟೆಯನ್ನು ಹಾಲಿನಲ್ಲಿ ಕುದಿಸಿ ಕೊಡುತ್ತಿದ್ದಳಂತೆ.

ಅದಕ್ಕೊಂದು ಕಟ್ಟಳೆ. ಮೊದಲು ರೋಗಿ ದಿಬ್ಬ ಹತ್ತಬೇಕು. ಎದೆ ಹಿಡಿದ ಕಡೆ ನಿಂತು ಕಲ್ಲಿಡಬೇಕು. ದಿನಾ ಬೆಳಿಗ್ಗೆ ಇಳಿದು ಬಂದು ಮದ್ದು ಕುಡಿದು, ಹುಣ್ಣಿಮೆಗೆ ಮತ್ತೆ ಹತ್ತಿ ತೋರಿಸಬೇಕು. ಎದೆ ಇನ್ನೂ ಮೇಲೆ ಹೋದಮೇಲೆ ಹಿಡಿದು ಕಲ್ಲು ಮೇಲಕ್ಕೆ ಸರಿದರೆ ಮದ್ದು ಮುಂದುವರಿಯುವುದು. ಸರಿಯದಿದ್ದರೆ, ಇದು ನನ್ನ ಕೈಯದಲ್ಲ ಎಂದು ಗಾಡಿ ಕಟ್ಟಿಸಿ ಪೇಟೆಯ ವೈದ್ಯರಲ್ಲಿಗೆ ಕಳಿಸುವಳು. ಹಗುರಾಯಿತು ತಾಯಿ ಎಂದು ಯಾರಾದರೂ ಕೈಮುಗಿದರೆ, "ಬಾಯಲ್ಲಿ ಬ್ಯಾಡ, ಹತ್ತಿ ತೋರ್ಸು" ಎನ್ನುವಳಂತೆ.

ವಾಸಿಯಾದವರು ಮತ್ತೆ ಇಳಿದು ಬರುತ್ತಿರಲಿಲ್ಲ. ದಿಬ್ಬ ಹತ್ತುವಾಗ ತಿರುಗಿ ನೋಡಿದರೆ ನೋವೂ ತಿರುಗಿ ಬರುತ್ತದೆ ಎಂದು ಊರಿನ ನಂಬಿಕೆ. ಹಾಗಾಗಿ ದ್ಯಾವೀರಮ್ಮ ಕಂಡದ್ದೆಲ್ಲ ಬರೀ ಬೆನ್ನು.

ತಿರುಗಿ ನೋಡಿದವನು ಕುಂಬಾರ ಚಿಕ್ಕೀರಯ್ಯ ಒಬ್ಬನೇ ಅಂತೆ. ಹೆಂಡತಿ ಸತ್ತಿದ್ದಳು, ಅವನ ಮನೆಯಲ್ಲೂ ಮಾತಿಗೆ ಜನ ಇರಲಿಲ್ಲ. ದಿಬ್ಬದ ನಡುವೆ ನಿಂತು, "ನೋವು ಬಂದ್ರೆ ಬರ್ಲಿ ಅಕ್ಕಯ್ಯ, ಜೊತೇಲಿ ನೀನೂ ಕಾಣ್ತೀಯಲ್ಲ!" ಎಂದನಂತೆ.

"ನಿನ್ನ ಗಡಿಗೆ ಬಾಯಿಗಿಂತ ನಿನ್ನ ಬಾಯೇ ದೊಡ್ಡದು ಕಣೋ, ಹತ್ತು!" ಎಂದು ಬೈದಳಂತೆ. ಬೈದು, ಒಲೆಯ ಮುಂದೆ ಕೂತು ಎಷ್ಟೋ ಹೊತ್ತು ನಕ್ಕಳಂತೆ.

ಅವನ ಕಲ್ಲು ಸರಿಯಲಿಲ್ಲ. ಸರಿಯಲಿಲ್ಲವೆಂದರೆ ಪೇಟೆಗೆ ಹೊರಡಬೇಕು. ಅದಕ್ಕೇ ಅವನು ಹುಣ್ಣಿಮೆ ಹುಣ್ಣಿಮೆಗೂ ಹಲ್ಲುಕಚ್ಚಿ ನೋವು ನುಂಗಿ, ಕಲ್ಲನ್ನು ಒಂದು ಗೇಣು ಮೇಲಿಟ್ಟು ಬರತೊಡಗಿದ. ಅವಳು ಹಾಲು ಕಾಯಿಸಿದಳು. ಅವನ ಹಣೆಯ ಬೆವರು ಅವಳಿಗೆ ಕಾಣಲಿಲ್ಲ ಎನ್ನುವವರುಂಟು. ಕಂಡೂ ಸುಮ್ಮನಿದ್ದಳು ಎನ್ನುವವರೂ ಉಂಟು. ಅತ್ತೆ ಹೇಳುತ್ತಿದ್ದುದು ಎರಡನೆಯದನ್ನೇ.

ಒಂದು ಹುಣ್ಣಿಮೆ ಅವನು ಹಳೆಯ ಕಲ್ಲು ದಾಟಿ ಇನ್ನೂ ಮೇಲೆ ಹೋದ. ತಿರುಗಿದ. ಏನೋ ಹೇಳಲು ಬಾಯಿ ತೆರೆದು ಹಾಗೆಯೇ ಕೂತ. "ಏಳೋ, ಹಾಲು ಆರ್ತದೆ" ಎಂದು ಅವಳು ಕೆಳಗಿನಿಂದ ಕೂಗಿದಳಂತೆ. ಮತ್ತೆ ಕೂಗಿದಳಂತೆ.

ಆಮೇಲೆ ಯಾವ ರೋಗಿಯನ್ನೂ ಒಂಟಿಯಾಗಿ ಹತ್ತಲು ಬಿಡಲಿಲ್ಲವಂತೆ. ಕೈಹಿಡಿದು, ಮುಖ ನೋಡುತ್ತ ಹತ್ತಿಸಿ, ತಾನೇ ಕಲ್ಲಿಡುವಳಂತೆ.

ಈಗ ಆ ಗುಡಿಸಲು ಇಲ್ಲ. ಆದರೂ ಆ ದಿಬ್ಬ ಹತ್ತುವವರು ನಡುವೆ ನಿಂತು ಒಮ್ಮೆ ಹೊಳೆಯತ್ತ ತಿರುಗಿ ನೋಡುತ್ತಾರೆ. ಎದೆ ಹಿಡಿದರೆ ಹಿಡಿಯಿತೆಂದು ಜೊತೆಯವರಿಗೆ ಹೇಳಿಬಿಡುತ್ತಾರೆ. ಆ ತೊಗಟೆ ಹಲವರ ಕಲ್ಲನ್ನು ಮೇಲೇರಿಸಿತ್ತು, ಅವನದನ್ನು ಏರಿಸಲಿಲ್ಲ. ಪೇಟೆಗೆ ಕಳಿಸಿದ್ದರೆ ಉಳಿಯುತ್ತಿದ್ದನೋ ಏನೋ, ಕಳಿಸಲಿಲ್ಲ. ಅವನ ಜೀವ ಹೋಯಿತು. ಅವಳತ್ತ ತಿರುಗುತ್ತಿದ್ದ ಒಂದೇ ಮುಖವೂ ಹೋಯಿತು.